ಹದಿನಾಲ್ಕನೆಯ ದಿನದ ಮಾದರಿ

ಫ್ರಿಜ್ಜಿನಲ್ಲಿ ಹದಿಮೂರನೆಯ ದಿನದ ಸೀಸೆಗಳಿದ್ದವು. ಅವುಗಳ ಪಕ್ಕದಲ್ಲಿ ಹದಿನಾರನೆಯ ದಿನದವು. ನಡುವೆ ಏನೂ ಇರಲಿಲ್ಲ.

ಎರಡು ಸಲ ಹುಡುಕಿದೆ. ಕೆಳಗಿನ ಅರೆ, ಬಾಗಿಲಿನ ಅರೆ, ಹಿಂದುಗಡೆ ಕಲ್ಲಪ್ಪ ಬಚ್ಚಿಡುವ ಮಜ್ಜಿಗೆ ಬಾಟಲಿಯ ಆಚೆ ಈಚೆ. ಆಮೇಲೆ ದಾಖಲೆ ಪುಸ್ತಕ ತೆರೆದೆ. ಹದಿನಾಲ್ಕನೆಯ ದಿನ, ಹದಿನೈದನೆಯ ದಿನ, ಎರಡರ ಮುಂದೆಯೂ ಮೂರು ಮೂರು ಅಂಕಿಗಳಿದ್ದವು. ‘ಪರೀಕ್ಷಿಸಿದವರು’ ಎಂಬ ಜಾಗದಲ್ಲಿ ನನ್ನ ಹೆಸರಿನ ಮೊದಲಕ್ಷರಗಳು. ಬರಹ ನನ್ನದಲ್ಲ.

ಕಡೂರಿನ ಹೊರಗೆ, ಬೀರೂರಿನ ದಾರಿಯಲ್ಲಿರುವ ಫಾರ್ಮಸಿ ಕಾಲೇಜಿನಲ್ಲಿ ನಾನು ಸಂಶೋಧನಾ ಸಹಾಯಕಿ. ಕ್ಷಯರೋಗದ ಔಷಧಿಯನ್ನು ಮೈಯೊಳಗೆ ತಾನೇ ಕರಗಿಹೋಗುವ ಒಂದು ಪಾಲಿಮರಿನ ಕಣಗಳಲ್ಲಿ ತುಂಬಿ, ಅದು ದಿನಕ್ಕೆ ಎಷ್ಟೆಷ್ಟು ಹೊರಗೆ ಬರುತ್ತದೆ ಎಂದು ಅಳೆಯುವುದು ಕೆಲಸ. ಕಣ್ಣಿಗೆ ಅದು ಇಟ್ಟಿಗೆ ಪುಡಿಯ ಹಾಗೆ ಕಾಣುತ್ತದೆ. ಸರಿಹೋದರೆ ಆರು ತಿಂಗಳು ದಿನವೂ ಮಾತ್ರೆ ನುಂಗುವವರಿಗೆ ತಿಂಗಳಿಗೊಂದು ಚುಚ್ಚುಮದ್ದು ಸಾಕಾಗಬಹುದು.

ಪುಡಿಯನ್ನು ದ್ರಾವಣದ ಸೀಸೆಯಲ್ಲಿ ಹಾಕಿ ನೀರಿನ ತೊಟ್ಟಿಯಲ್ಲಿ ಇಡುತ್ತೇವೆ. ತೊಟ್ಟಿಯ ನೀರು ಮನುಷ್ಯನ ಮೈಯಷ್ಟು ಬಿಸಿ, ಮೂವತ್ತೇಳು ಡಿಗ್ರಿ. ಅದು ಹಗಲೂ ಇರುಳೂ ಮೆಲ್ಲಗೆ ತೂಗುತ್ತಿರುತ್ತದೆ. ಇಪ್ಪತ್ತೆಂಟು ದಿನ, ದಿನವೂ ಬೆಳಿಗ್ಗೆ ಹತ್ತಕ್ಕೆ, ಮೂರು ಬ್ಯಾಚಿನಿಂದಲೂ ಒಂದಿಷ್ಟು ದ್ರಾವಣ ತೆಗೆದು ಅಳೆಯಬೇಕು. ಉಳಿದದ್ದಕ್ಕೆ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿ ಇಡಬೇಕು. ತೊಟ್ಟಿ ತಣ್ಣಗಾದರೆ ಪಾಲಿಮರ್ ಬಿಗಿದುಕೊಂಡು ಔಷಧಿಯನ್ನು ಬಿಡುವುದಿಲ್ಲ.

ನೀರಿನೊಳಗೆ ಬಿಸಿಯನ್ನು ತಾನೇ ಬರೆದುಕೊಳ್ಳುವ ಒಂದು ಪುಟ್ಟ ಉಪಕರಣ ಮುಳುಗಿರುತ್ತದೆ. ವರದಿಯ ಕೊನೆಗೆ ಸೇರಿಸಲೆಂದು ಆ ಶುಕ್ರವಾರ ಅದನ್ನು ಕಂಪ್ಯೂಟರಿಗೆ ಚುಚ್ಚಿದೆ. ಹದಿಮೂರು ದಿನ ನೇರವಾಗಿದ್ದ ಗೆರೆ ಆಯುಧಪೂಜೆಯ ಬೆಳಿಗ್ಗೆ ಎಂಟೂವರೆಗೆ ಕೆಳಕ್ಕೆ ಇಳಿದಿತ್ತು. ಸಂಜೆಗೆ ಇಪ್ಪತ್ತಮೂರು ಡಿಗ್ರಿ. ವಿಜಯದಶಮಿ ಪೂರ್ತಿ ಅಲ್ಲೇ. ಮಾರನೆಯ ಬೆಳಿಗ್ಗೆ ಎಂಟಕ್ಕೆ ಮತ್ತೆ ಮೇಲಕ್ಕೆ. ಅದನ್ನು ನೋಡಿಯೇ ನಾನು ಫ್ರಿಜ್ ತೆರೆದದ್ದು.

ಹದಿನಾರನೆಯ ದಿನದ ಸೀಸೆಗಳನ್ನು ಅಲ್ಲಿಟ್ಟವಳು ನಾನೇ. ಪಕ್ಕದ ಖಾಲಿ ಜಾಗ ಅವತ್ತೇ ಕಣ್ಣಿಗೆ ಬಿದ್ದಿರಬೇಕು. ಆ ತಿಂಗಳುಗಳಲ್ಲಿ ಕಣ್ಣಿಗೆ ಬಿದ್ದದ್ದು ಒಳಗೆ ಹೋಗುತ್ತಿರಲಿಲ್ಲ.

ಕಲ್ಲಪ್ಪ ಬಚ್ಚಲಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ. ಲ್ಯಾಬಿನ ಅಟೆಂಡರ್, ಐವತ್ತು ದಾಟಿದವನು, ಸಿಂಗಟಗೆರೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಾನೆ.

“ಕಲ್ಲಪ್ಪಣ್ಣ, ಆಯುಧಪೂಜೆ ದಿನ ತೊಟ್ಟಿ ಆಫ್ ಮಾಡಿದ್ದು ಯಾರು?”

“ನಾನೇ ಕಣ್ರೀ. ಇನ್ಯಾರ್ ಮಾಡ್ತಾರೆ?”

“ಯಾಕೆ?”

“ಯಾಕೆ ಅಂದ್ರೆ? ಪೂಜೆಗಿಟ್ಟಿದ್ದನ್ನ ಓಡಿಸ್ತಾರಾ ಯಾರಾದ್ರೂ? ನಮ್ಮಣ್ಣನ ಟ್ರ್ಯಾಕ್ಟರ್ರೂ ಎರಡ್ ದಿನ ನಿಂತಿತ್ತು. ವರ್ಷೆಲ್ಲ ತೂಗ್ತಾನೇ ಇರ್ತದೆ, ಪಾಪ. ಒಂದೆರಡ್ ದಿನ ಸುಮ್ನಿರ್ಲಿ ಅಂತ ಮೈ ಒರೆಸಿ, ಈಬೂತಿ ಬಳ್ದು, ಸೇವಂತಿಗೆ ಹಾರ ಹಾಕ್ದೆ. ಕುಂಬಳಕಾಯಿನೂ ನಾನೇ ಒಡ್ದಿದ್ದು.”

“ಒಳಗೆ ಸೀಸೆಗಳಿದ್ದವಲ್ಲ.”

“ಸೀಸೆ ಮುಟ್ಲಿಲ್ಲ, ಲಿಂಗದಾಣೆ. ಇದ್ದಂಗೇ ಇದ್ವು. ಬೇಕಾದ್ರೆ ಎಣಿಸ್ಕಳಿ.”

“ಸರ್‌ಗೆ ಗೊತ್ತಿತ್ತಾ, ನಿಂತಿದೆ ಅಂತ?”

“ಅವ್ರೇ ಬಂದು ಅದರ ಮುಂದೆ ನಿಂತು ಕೈ ಮುಗುದ್ರು. ಗೊತ್ತಿಲ್ದೆ ಏನು?” ಅವನು ಕೈ ಒರೆಸಿಕೊಂಡು ನನ್ನ ಮುಖ ನೋಡಿದ. “ಏನಾರ ಕೆಟ್ಟೋಯ್ತಾ?”

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ತೊಟ್ಟಿ ಯಾಕೆ ನಿಲ್ಲಬಾರದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು. ಅವತ್ತು ಹತ್ತು ಗಂಟೆಗೆ ನಾನು ಅಲ್ಲಿರಬೇಕಿತ್ತು.

ನಾನು ಅಲ್ಲಿ ಯಾಕಿರಲಿಲ್ಲ ಎಂದರೆ, ಹಿಂದಿನ ದಿನ ಸಂಜೆ ದ್ವಾರಕಾನಾಥ ಸರ್ ನನ್ನನ್ನು ಕೋಣೆಗೆ ಕರೆದಿದ್ದರು. ಅವರು ಈ ಯೋಜನೆಯ ಮುಖ್ಯಸ್ಥರು, ನನಗೆ ಎಂ.ಫಾರ್ಮಾದಿಂದಲೂ ಮಾರ್ಗದರ್ಶಕರು. ಒಳ್ಳೆಯ ಮನುಷ್ಯರು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ.

“ನಾಳೆ ನಾಡಿದ್ದು ನೀನು ಬರೋದು ಬೇಡಮ್ಮ. ಮನೇಲಿ ಆರಾಮಾಗಿರು.”

“ನಾಳೆ ಹದಿನಾಲ್ಕನೇ ದಿನ ಸರ್. ಮಾದರಿ ತೆಗೀಬೇಕು.”

“ಮೇಧಾ ತೆಗೀತಾಳೆ. ಮ್ಯಾನೇಜ್‌ಮೆಂಟಿನವರ ಮನೆ ಹೆಂಗಸರೆಲ್ಲ ಬರ್ತಾರೆ. ಅರಿಶಿನ ಕುಂಕುಮ, ಅದು ಇದು. ನಾನು ಇದನ್ನೆಲ್ಲ ನಂಬೋನಲ್ಲ, ನಿನಗೇ ಗೊತ್ತು. ಆದರೆ ಯಾರಾದ್ರೂ ಏನಾದ್ರೂ ಅಂದ್ರೆ ನಿನಗೇ ಮುಜುಗರ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

ಆಗಲಿ ಎಂದೆ. ನನ್ನ ಗಂಡ ತೀರ್ಥೇಶ ತೀರಿಹೋಗಿ ಆಗ ಹನ್ನೊಂದು ತಿಂಗಳು. ಆ ಹನ್ನೊಂದು ತಿಂಗಳು ನಾನು ಎಲ್ಲರಿಗೂ ಆಗಲಿ ಎಂದೇ ಹೇಳಿದ್ದೆ. ಬಾಯಲ್ಲಿ ಅದೊಂದು ಮಾತು ಉಳಿದಿತ್ತು.

ಮೇಧಾ ಮೊದಲ ವರ್ಷದ ಎಂ.ಫಾರ್ಮಾ ಹುಡುಗಿ. ತರೀಕೆರೆಯವಳು. ಗ್ರಂಥಾಲಯದಿಂದ ಕರೆಸಿ ಪುಸ್ತಕದ ಪುಟ ತೋರಿಸಿದೆ. ಅವಳು ನೋಡಿದ ಕೂಡಲೇ ಅಳುವ ಮುಖ ಮಾಡಿದಳು.

“ಅಕ್ಕಾ, ಯಂತ್ರ ನಿಂತಿತ್ತಲ್ಲ, ತೆಗೆಯೋದು ಹೇಗೆ ಅಂತ ಕೇಳ್ದೆ. ಹಬ್ಬ, ಮನೆಗೆ ಹೋಗು ಅಂದ್ರು ಸರ್.”

“ನಾನು ಹಬ್ಬ ಮುಗಿಸಿ ಬಂದ ದಿನ, ಚೀಟಿಯಲ್ಲಿ ಬರಕೊಂಡಿದೀನಿ, ಸಂಜೆ ಪುಸ್ತಕಕ್ಕೆ ಏರಿಸ್ತೀನಿ ಅಂದಿದ್ದೆಯಲ್ಲ ನನ್ನ ಹತ್ರ.”

“ಚೀಟಿ ಇರಲಿಲ್ಲ ಅಕ್ಕಾ. ಹದಿಮೂರರದ್ದು, ಹದಿನಾರರದ್ದು ನೋಡ್ಕೊಂಡು ನಡುವೆ ಹೊಂದೋ ಹಾಗೆ ಹಾಕು ಅಂದ್ರು. ಡ್ಯೂಟಿ ಪಟ್ಟಿಯಲ್ಲಿ ನಿಮ್ಮ ಹೆಸರಿತ್ತು, ಅದಕ್ಕೆ…”

ಚೆನ್ನಾಗಿಯೇ ಹೊಂದಿಸಿದ್ದಳು. ಮೂರು ಬ್ಯಾಚಿಗೂ ಸ್ವಲ್ಪ ಸ್ವಲ್ಪ ವ್ಯತ್ಯಾಸ ಬರುವ ಹಾಗೆ.

ಸರ್ ಕೋಣೆಯಲ್ಲಿ ವರದಿಗೆ ಕೊನೆಯ ಕೈ ಆಡಿಸುತ್ತಿದ್ದರು. ಅದು ಸೋಮವಾರ ಹೋಗಬೇಕಿತ್ತು. ಅದರ ಮೇಲೆಯೇ ಮುಂದಿನ ಹಂತ, ಮೊಲಗಳ ಮೇಲಿನ ಪರೀಕ್ಷೆ. ಪರದೆಯ ಮೇಲೆ ಅವರಿಗೆ ಬಹಳ ಇಷ್ಟವಾದ ಚಿತ್ರವಿತ್ತು. ಹದಿನಾರನೆಯ ದಿನದವರೆಗೆ ಮೆಲ್ಲಗೆ ಏರುವ ಗೆರೆ, ಹದಿನೇಳರಿಂದ ಒಮ್ಮೆಲೇ ಚಿಮ್ಮುತ್ತದೆ. ‘ಎರಡನೆಯ ಹಂತದ ಬಿಡುಗಡೆ’ ಎಂದು ಅದಕ್ಕೆ ಹೆಸರಿಟ್ಟು ನಾಲ್ಕು ಪುಟ ವಿವರಣೆ ಬರೆದಿದ್ದರು.

ನಾನು ಬಿಸಿಯ ದಾಖಲೆಯನ್ನು ಅದರ ಪಕ್ಕದಲ್ಲಿ ಇಟ್ಟೆ. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು.

“ಹದಿನೇಳನೇ ದಿನದ ಏರಿಕೆ ಪಾಲಿಮರಿನ ಗುಣ ಅಲ್ಲ ಸರ್. ನಿಂತಿದ್ದ ತೊಟ್ಟಿ ಮತ್ತೆ ಬಿಸಿಯಾದದ್ದು. ಎರಡು ದಿನ ಒಳಗೆ ಸಿಕ್ಕಿಕೊಂಡಿದ್ದು ಆಮೇಲೆ ಹೊರಗೆ ಬಂದಿದೆ. ಎರಡನೇ ಹಂತ ಅಂತ ಏನೂ ಇಲ್ಲ.”

“ಅಷ್ಟು ಖಂಡಿತವಾಗಿ ಹೇಳಕ್ಕಾಗಲ್ಲ.”

“ಇದೆ ಅಂತಲೂ ಹೇಳಕ್ಕಾಗಲ್ಲ.”

“ಇಪ್ಪತ್ತೆಂಟು ದಿನದಲ್ಲಿ ಎರಡು ದಿನ ಹೇಮಶ್ರೀ. ಆರು ಅಂಕಿ. ಇಷ್ಟು ದಿನ ಆದ ಮೇಲೆ ಯಾಕೆ ಕೆದಕ್ತಾ ಇದೀಯಾ?”

“ಮುಂದಿನವರು ಇದನ್ನು ನಂಬಿ ಡೋಸ್ ಲೆಕ್ಕ ಹಾಕ್ತಾರೆ. ಮೊದಲು ಮೊಲಕ್ಕೆ, ಆಮೇಲೆ ಮನುಷ್ಯರಿಗೆ. ಔಷಧಿ ಇದೆ ಅಂತ ನಾವು ಬರೆದ ದಿನ ಆ ಮೈಯಲ್ಲಿ ಔಷಧಿ ಇಲ್ಲದೆ ಹೋದರೆ?”

ಅವರು ನನ್ನನ್ನು ನೋಡಿದ ರೀತಿ ನನಗೆ ಗೊತ್ತಾಯಿತು. ಕನಿಕರ. “ನೀನು ಇದನ್ನ ತೀರ್ಥೇಶನ ವಿಷಯಕ್ಕೆ ಗಂಟು ಹಾಕ್ತಿದೀಯ. ಮನೆಗೆ ಹೋಗು. ಸೋಮವಾರ ಬೆಳಿಗ್ಗೆ ನೋಡೋಣ. ನಿನ್ನ ಫೆಲೋಶಿಪ್ಪೂ ಈ ವರದಿ ಮೇಲೇ ನಿಂತಿದೆ ಅನ್ನೋದು ನೆನಪಿರಲಿ.”

ಗಂಟು ಹಾಕುತ್ತಿದ್ದೆ, ನಿಜ. ಯಾಕೆ ಹಾಕಬಾರದು?

ತೀರ್ಥೇಶನಿಗೆ ತರೀಕೆರೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇತ್ತು. ಅಜ್ಜಂಪುರದ ಮನೆಯಿಂದ ಹೋಗಿ ಬರುತ್ತಿದ್ದ. ಕೆಮ್ಮು ಬಿಡದೆ ಪರೀಕ್ಷೆ ಮಾಡಿಸಿದಾಗ ಕ್ಷಯ ಎಂದರು. ಆರು ತಿಂಗಳ ಮಾತ್ರೆ, ಜೊತೆಗೆ ನುಂಗಿದ ಗುರುತು ಹಾಕಲು ದಿನಕ್ಕೊಂದು ಚೌಕದ ಕಾರ್ಡು. ನಾನಾಗ ವಾರವಿಡೀ ಕಡೂರಿನ ಹಾಸ್ಟೆಲಿನಲ್ಲಿದ್ದು ಇದೇ ತೊಟ್ಟಿ ಕಾಯುತ್ತಿದ್ದೆ. ಭಾನುವಾರ ಅಜ್ಜಂಪುರಕ್ಕೆ ಹೋದಾಗ ಅತ್ತೆ ಕಾರ್ಡು ತೋರಿಸುತ್ತಿದ್ದರು. ಒಂದು ಚೌಕವೂ ಖಾಲಿ ಇರುತ್ತಿರಲಿಲ್ಲ. ನನಗೆ ಸಮಾಧಾನವಾಗುತ್ತಿತ್ತು.

ಮಾತ್ರೆ ನುಂಗಿದರೆ ಅವನಿಗೆ ವಾಂತಿ. ಇವತ್ತೊಂದಿನ ಬೇಡ ಬಿಡು ಮಗಾ ಎಂದು ಅತ್ತೆ ತಪ್ಪಿಸುತ್ತಿದ್ದರು. ವಾರಕ್ಕೆ ಒಂದು, ಆಮೇಲೆ ಎರಡು, ಮೂರು. ಆರೋಗ್ಯ ಕಾರ್ಯಕರ್ತೆ ಬಂದು ಬೀದಿಗೆ ಕೇಳುವಂತೆ ಬೈದರೆ ಮಾನ ಹೋಗುತ್ತದೆಂದು ಚೌಕಗಳಿಗೆ ಗುರುತು ಹಾಕುತ್ತಿದ್ದರು. ಎಂಟು ತಿಂಗಳ ಮೇಲೆ ರೋಗ ಮರಳಿ ಬಂದಾಗ ಅದು ಯಾವ ಮಾತ್ರೆಗೂ ಬಗ್ಗಲಿಲ್ಲ. ಅವನು ಹೋದ ಮೇಲೆ ಅಟ್ಟದ ಡಬ್ಬದಲ್ಲಿ ತೆರೆಯದ ಮಾತ್ರೆ ಹಾಳೆಗಳು ಸಿಕ್ಕವು.

ಔಷಧಿ ಓದಿದವಳು ಗಂಡನಿಗೆ ಔಷಧಿ ಕೊಡಲಾಗಲಿಲ್ಲವೇ ಎಂದು ಊರಿನವರು ಕೇಳಿದರು. ಅದು ಸರಿಯಾದ ಪ್ರಶ್ನೆ. ಅಳೆಯುವುದನ್ನು ಕಲಿತವಳು ನಾನು. ಗುರುತುಗಳನ್ನು ನೋಡಿದೆ, ಮಾತ್ರೆಗಳನ್ನು ಎಣಿಸಲಿಲ್ಲ.

ಅತ್ತೆ ವಿಶಾಲಾಕ್ಷಮ್ಮ ಮತ್ತು ನಾನು ಈಗಲೂ ಆ ಮನೆಯಲ್ಲೇ ಇದ್ದೇವೆ. ಇಬ್ಬರಿಗೂ ಬೇರೆ ಯಾರಿಲ್ಲ. ಹಾಸ್ಟೆಲ್ ಬಿಟ್ಟು ದಿನಾ ಕಡೂರಿಗೆ ಓಡಾಡುತ್ತೇನೆ. ಭಾನುವಾರ ಮಧ್ಯಾಹ್ನ ಅವರು ಅವರೆಕಾಯಿ ಬಿಡಿಸುತ್ತಿದ್ದಾಗ ಎಲ್ಲವನ್ನೂ ಹೇಳಿದೆ.

“ಅವತ್ತು ನೀನ್ಯಾಕೆ ಹೋಗ್ಲಿಲ್ಲ?” ಎಂದರು.

“ಬರಬೇಡ ಅಂದ್ರು.”

“ಯಾಕಂತೆ?”

“ಪೂಜೆ ಇತ್ತು. ಮುತ್ತೈದೆಯರು ಬರ್ತಿದ್ರು.”

ಅವರ ಕೈ ನಿಂತಿತು. ಅವರೂ ಗಂಡನನ್ನು ಕಳೆದುಕೊಂಡು ಹನ್ನೆರಡು ವರ್ಷವಾಗಿದೆ.

“ಕೊಳ್ಳಾಗೆ ಲಿಂಗ ಕಟ್ಕಂಡು ದಿನಾ ಅಂಗೈ ಮೇಲೆ ಇಟ್ಟು ಪೂಜೆ ಮಾಡೋರು ನಾವು. ನಾವು ಮಿಷಿನ್ ಪೂಜೆ ನೋಡ್ಬಾರ್ದಂತಾ? ಏನಂತೆ ಅದು, ನಾವು ನೋಡಿದ್ರೆ ಮುನಿಸ್ಕಂತದಂತಾ ಮಿಷಿನ್ನು?”

ನನಗೆ ನಗು ಬರಬೇಕಿತ್ತು. ನನ್ನ ಕೈಯ ಬಳೆಗಳನ್ನು ತೆಗೆಸಿದವರು ಇವರೇ. ಅದನ್ನು ಹೇಳಿದೆ ಕೂಡ.

ಅವರು ಮಡಿಲಿನ ಸಿಪ್ಪೆ ಕೊಡವಿದರು. “ತೆಗೆಸ್ದೆ. ಎಲ್ರೂ ನಿಂತಿದ್ರು, ತೆಗೆಸ್ದೆ,” ಎಂದರು. ಇನ್ನೊಂದು ಕಾಯಿ ಬಿಡಿಸಿದರು. “ಆ ಕಾರ್ಡಿಗೆ ಗುರ್ತ್ ಹಾಕ್ತಿದ್ನಲ್ಲ, ಆವಾಗ ಒಬ್ರಾದ್ರೂ ನನ್ ಕೈ ಹಿಡ್ಕಂಡಿದ್ರೆ. ನಾಳೆ ನೀನು ನಿಮ್ ಸಾರ್‌ನ ಬಿಡ್ಬೇಡ ಕಣೇ.”

ಒಂದು ವರ್ಷದಲ್ಲಿ ಅವರು ಕಾರ್ಡಿನ ಮಾತೆತ್ತಿದ್ದು ಅದೇ ಮೊದಲು.

ಸೋಮವಾರ ಸರ್ ನನಗಿಂತ ಮೊದಲೇ ಲ್ಯಾಬಿಗೆ ಬಂದಿದ್ದರು. ಗೆಲುವಾಗಿದ್ದರು. ಮೇಧಾ ಮೂಲೆಯಲ್ಲಿ ನಿಂತಿದ್ದಳು.

“ನೀನು ಹೇಳಿದ್ದೇ ಸರಿ,” ಎಂದರು. “ಆ ಎರಡು ದಿನ ಖಾಲಿ ಬಿಡೋಣ. ಎರಡನೇ ಹಂತದ ಆ ನಾಲ್ಕು ಪುಟಾನೂ ತೆಗೆದಿದೀನಿ. ನನಗೇನು ಹಟವಾ? ಹೊಸ ಬ್ಯಾಚ್ ಮಾಡ್ತೀವಿ ಅಂತ ಬರೆದಿದೀನಿ. ಖುಷಿನಾ?”

ನನಗೆ ನಂಬಿಕೆಯಾಗಲಿಲ್ಲ. ಮೂರು ರಾತ್ರಿ ಮನಸ್ಸಿನಲ್ಲೇ ಹೊಂದಿಸಿಕೊಂಡ ಮಾತುಗಳು ಹಾಗೇ ಉಳಿದವು.

“ಪುಸ್ತಕದಲ್ಲಿ ತಪ್ಪಿದ ಮಾದರಿಗೆ ಕಾರಣ ಬರೀಬೇಕಲ್ಲ, ಅಲ್ಲಿ ಕರೆಂಟ್ ಇರಲಿಲ್ಲ ಅಂತ ಬರೆದು ಸಹಿ ಮಾಡಿಬಿಡು.”

“ಕರೆಂಟ್ ಇತ್ತಲ್ಲ ಸರ್.”

“ಇತ್ತಮ್ಮ. ಕಡೂರಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ ಅಂದ್ರೆ ಯಾರು ಅನುಮಾನ ಪಡ್ತಾರೆ?”

“ಸೀರಿಯಲ್ ಸೆಟ್ ಲೈಟು ಉರೀತಿತ್ತು ಸಾ,” ಎಂದ ಕಲ್ಲಪ್ಪ ಬಚ್ಚಲ ಕಡೆಯಿಂದ. “ಮೈಕಿನೋನು ಎರಡ್ ದಿನಾನೂ ಭಕ್ತಿಗೀತೆ ಹಾಕಿದ್ದ. ಇಡೀ ಬೀರೂರು ರಸ್ತೆಗೆ ಕೇಳ್ತಿತ್ತು.”

“ಕಲ್ಲಪ್ಪಾ, ನೀನು ಸೀಸೆ ತೊಳಿ.”

ನಾನು ಪುಸ್ತಕ ತೆಗೆದುಕೊಂಡೆ. ಈ ಪುಸ್ತಕದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಪುಟ ಹರಿಯುವಂತಿಲ್ಲ. ತಪ್ಪನ್ನು ಬರೆದವರೇ ಒಂದೇ ಗೆರೆಯಿಂದ ಹೊಡೆಯಬೇಕು. ಕೆಳಗಿನದು ಓದಲು ಬರಬೇಕು. ಪಕ್ಕದಲ್ಲಿ ಕಾರಣ, ಸಹಿ, ತಾರೀಖು. ಮೇಧಾಳಿಗೆ ಪೆನ್ನು ಕೊಟ್ಟೆ. ಅವಳು ಸರ್ ಮುಖ ನೋಡಿ, ಆರೂ ಅಂಕಿಗಳ ಮೇಲೆ ಗೆರೆ ಎಳೆದು, ‘ಅಳೆದದ್ದಲ್ಲ’ ಎಂದು ಬರೆದು ಸಹಿ ಮಾಡಿದಳು. ಒಂದು ಗೆರೆ ಸೊಟ್ಟಗಾಯಿತು.

ಅದರ ಕೆಳಗೆ ನಾನು ಬರೆದೆ. ಪುಸ್ತಕದಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿರುತ್ತದೆ. ನಾನು ಕನ್ನಡದಲ್ಲಿ ಬರೆದೆ.

‘ಹದಿನಾಲ್ಕು, ಹದಿನೈದನೆಯ ದಿನ ಮಾದರಿ ತೆಗೆದಿಲ್ಲ. ಆಯುಧಪೂಜೆಗಾಗಿ ತೊಟ್ಟಿಯನ್ನು ನಲವತ್ತೇಳೂವರೆ ಗಂಟೆ ನಿಲ್ಲಿಸಲಾಗಿತ್ತು. ಮಾದರಿ ತೆಗೆಯಬೇಕಾದ ಸಹಾಯಕಿ ವಿಧವೆಯಾದ ಕಾರಣ ಆ ಎರಡು ದಿನ ಬರಬಾರದೆಂದು ಮುಖ್ಯಸ್ಥರು ತಿಳಿಸಿದ್ದರು.’

ಸಹಿ, ತಾರೀಖು ಹಾಕಿದೆ. ಸರ್ ಓದಿದರು. ಕಿವಿ ಕೆಂಪಾದವು.

“ಇದೇನಿದು?”

“ಕಾರಣ ಸರ್.”

“ನಾನು ಆ ಪದ ಬಳಸಿದ್ನಾ? ಒಂದು ಸಲವಾದ್ರೂ?”

“ಇಲ್ಲ. ನೀವು ನನ್ನ ಒಳ್ಳೇದಕ್ಕೆ ಅಂದ್ರಿ. ಅದನ್ನ ಬರೆಯೋದಾದ್ರೆ ನಿಯಮದ ಪ್ರಕಾರ ವಿವರಿಸಬೇಕಾಗುತ್ತೆ.”

“ಅದೂ ಕನ್ನಡದಲ್ಲಿ.”

“ನೀವು ಕನ್ನಡದಲ್ಲೇ ಹೇಳಿದ್ದು ಸರ್.”

“ಹೇಮಶ್ರೀ, ಈ ಪುಟದ ಪ್ರತಿ ವರದಿ ಜೊತೆ ಹೋಗುತ್ತೆ. ಬೆಂಗಳೂರಿನಲ್ಲಿ ನಾಲ್ಕು ಜನ ಓದ್ತಾರೆ. ಮೂವತ್ತು ವರ್ಷದ ಕೆಲಸ ನನ್ನದು. ನಿನ್ನನ್ನ ಈ ಸ್ಥಿತಿಯಲ್ಲಿ ಕೆಲಸದಲ್ಲಿ ಇಟ್ಟುಕೊಂಡೋನು ನಾನು. ಬೇರೆ ಯಾರಾದ್ರೂ ಆಗಿದ್ರೆ ಇಟ್ಕೋತಿದ್ರಾ? ಅಂಕಿ ತೆಗಿ ಅಂದೆ ನೀನು, ತೆಗೆದೆ. ಪುಟ ತೆಗಿ ಅಂದೆ, ತೆಗೆದೆ. ಇನ್ನೂ ಏನು ಬೇಕು ನಿನಗೆ?”

ಈ ಸ್ಥಿತಿ. ಒಂದು ವರ್ಷದಿಂದ ಮರಗಟ್ಟಿದ್ದ ಕಡೆ ಅದು ಚುಚ್ಚಿತು. ಚುಚ್ಚಿದ್ದು ಗೊತ್ತಾದದ್ದಕ್ಕೆ ನನಗೇ ಆಶ್ಚರ್ಯ.

“ನನ್ನ ಸ್ಥಿತಿಗೆ ಏನಾಗಿದೆ ಸರ್? ಕೈ ಇದೆ, ಕಣ್ಣಿದೆ. ಹದಿಮೂರು ದಿನ ಸರಿಯಾಗಿ ಅಳೆದಿದ್ದೆ. ಹದಿನಾಲ್ಕನೇ ದಿನ ನಾನು ಬಂದಿದ್ರೆ ತೊಟ್ಟಿ ನಿಲ್ಲುತ್ತಿರಲಿಲ್ಲ. ಹೂ ಹಾಕಿ, ನಿಲ್ಲಿಸಬೇಡಿ ಅಂತ ಕಲ್ಲಪ್ಪಣ್ಣನಿಗೆ ಹೇಳ್ತಿದ್ದೆ. ಮೂರು ಬ್ಯಾಚ್ ಹಾಳಾದದ್ದು ಯಾವುದರಿಂದ ಅಂತ ಆ ಕಾಲಮ್ ಕೇಳುತ್ತೆ. ಇದರಿಂದ. ಕರೆಂಟ್ ಅಂತ ಬರೆದ್ರೆ ಮುಂದಿನ ವರ್ಷ ಜನರೇಟರ್ ತರ್ತೀರಿ, ನನ್ನನ್ನ ಮತ್ತೆ ಮನೇಲಿ ಕೂರಿಸ್ತೀರಿ.”

ಇಷ್ಟು ಉದ್ದ ನಾನು ಮಾತಾಡಿ ಬಹಳ ಕಾಲವಾಗಿತ್ತು.

ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ‘ವಿಧವೆಯಾದ ಕಾರಣ’ ಎಂಬ ಎರಡು ಪದಗಳ ಮೇಲೆ ಗೆರೆ ಎಳೆದರು. ಬರೆದವಳು ನಾನು, ಹೊಡೆಯುವ ಹಕ್ಕು ನನ್ನದು. ಆದರೂ ಎಳೆಯಲು ಬಿಟ್ಟೆ. ಅಭ್ಯಾಸ ಬಲವಾದದ್ದು, ಗೆರೆ ಒಂದೇ ಎಳೆದರು, ನೇರವಾಗಿ. ಪಕ್ಕದಲ್ಲಿ ಕಾರಣ ಬರೆಯಬೇಕಾದಾಗ ಪೆನ್ನು ನಿಂತಿತು. ನಾವು ಮೂವರೂ ನೋಡುತ್ತಿದ್ದೆವು. ಕೊನೆಗೆ ‘ಸಂಬಂಧವಿಲ್ಲ’ ಎಂದು ಬರೆದು ಸಹಿ ಹಾಕಿ ತಾರೀಖು ಬರೆದರು.

“ಸಂಬಂಧವಿಲ್ಲ ಅಂದ ಮೇಲೆ ಮುಂದಿನ ಆಯುಧಪೂಜೆಗೆ ನಾನು ಬರಬಹುದಾ ಸರ್?”

“ಮುಂದಿನ ಆಯುಧಪೂಜೆಗೆ ನೀನು ಇಲ್ಲಿರಲ್ಲಮ್ಮ,” ಎಂದರು. ದನಿ ಏರಿಸಲಿಲ್ಲ. “ಫೆಲೋಶಿಪ್ ಮಾರ್ಚಿಗೆ ಮುಗಿಯುತ್ತೆ. ನಾನು ಮುಂದುವರಿಸಲ್ಲ.”

ಅವರು ಹೋದರು. ಮೇಧಾ ನನ್ನ ತೋಳು ಮುಟ್ಟಿ, ಅವಳೂ ಹೋದಳು.

ಮಾರ್ಚಿಗೆ ಇನ್ನೂ ನಾಲ್ಕು ತಿಂಗಳು. ಹೊಸ ಬ್ಯಾಚಿಗೆ ಒಂದೂವರೆ ತಿಂಗಳು ಸಾಕು ಎಂದು ಲೆಕ್ಕ ಹಾಕುತ್ತ ಪುಸ್ತಕವನ್ನು ಜೆರಾಕ್ಸಿಗೆ ಎತ್ತಿಕೊಂಡೆ. ಕಲ್ಲಪ್ಪ ಬಂದು ಮೇಜಿಗೆ ಅಡ್ಡ ನಿಂತ.

“ತೋರ್ಸಿ ಇಲ್ಲಿ.”

ತೋರಿಸಿದೆ. ಬೆರಳಿಟ್ಟು ಅಕ್ಷರ ಅಕ್ಷರ ಓದಿದ. ಗೆರೆಯ ಕೆಳಗಿನ ಎರಡು ಪದಗಳನ್ನೂ ಬಿಡದೆ ಓದಿದ. ಆಮೇಲೆ ಹಿಂದಕ್ಕೆ ಹೋಗಿ ಒಂದು ಕಡೆ ಬೆರಳು ನಿಲ್ಲಿಸಿದ.

“ನಿಲ್ಲಿಸಲಾಗಿತ್ತು ಅಂತ ಬರ್ದಿದೀರ. ಯಾರ್ ನಿಲ್ಲಿಸಿದ್ದು ಅಂತ ಇಲ್ವಲ್ಲ.”

“ಬೇಡ ಕಲ್ಲಪ್ಪಣ್ಣ. ನಿಮಗೆ ತೊಂದರೆ.”

“ಗೊತ್ತಿಲ್ದೆ ಮಾಡ್ದೆ. ಮಾಡ್ದೋನು ನಾನೇ ತಾನೆ. ನಿಮ್ಮೊಬ್ಬರ ಹೆಸ್ರು ಬರ್ಕಂಡ್ರೆ ಹೆಂಗೆ?” ಎರಡೂ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. “ಪೆನ್ ಕೊಡಿ.”

ಎಲ್ಲಿ ಬರೆಯಬೇಕೆಂದು ತೋರಿಸಿದೆ. ಅವನು ಬಗ್ಗಿ, ನಾಲಿಗೆ ಕಚ್ಚಿಕೊಂಡು, ‘ನಿಲ್ಲಿಸಿದವನು ಕಲ್ಲಪ್ಪ’ ಎಂದು ದಪ್ಪಕ್ಷರದಲ್ಲಿ ಬರೆದ. ತಾರೀಖು ಎಷ್ಟೆಂದು ಕೇಳಿದ. ಹೇಳಿದೆ.